ಪಾಲಿಸಿಯ ಹೊರಗೆ ಉಳಿದವರು

(ಮುಂಬೈಯ ಮುಲುಂಡಿನಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷ ಮುಂಬೈ, ಠಾಣೆ ಮತ್ತು ರಾಯಗಡದ ಗ್ಯಾರೇಜುಗಳಲ್ಲಿ ಮೋಟಾರು ವಿಮೆಯ ಸರ್ವೇಯರ್ ಆಗಿ ದುಡಿದವನು. ಅಪಘಾತವಾದ ವಾಹನವನ್ನು ಪರೀಕ್ಷಿಸಿ, ಆದ ನಷ್ಟವೆಷ್ಟು, ಅದರಲ್ಲಿ ವಿಮಾ ಕಂಪನಿ ಕೊಡಬೇಕಾದದ್ದೆಷ್ಟು ಎಂದು ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಈ ಎರಡು ಮೊತ್ತಗಳ ನಡುವೆ ಒಂದು ಅಂತರ ಇದ್ದೇ ಇರುತ್ತದೆ, ಮತ್ತು ಆ ಅಂತರವನ್ನು ವಾಹನದ ಮಾಲೀಕರಿಗೆ ವಿವರಿಸುವ ಕಷ್ಟ ಯಾವಾಗಲೂ ಸರ್ವೇಯರನ ಪಾಲಿಗೇ ಬರುತ್ತದೆ. ಗ್ಯಾರೇಜಿಗೆ ಕಾಲಿಟ್ಟ ಕೂಡಲೇ ನನಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: "ಸರ್, ಫುಲ್ ಇನ್ಶೂರೆನ್ಸ್ ಇದೆ, ಎಲ್ಲ ಸಿಗುತ್ತದಲ್ಲ?" ನಾನು ಓದಿದ ಸಾವಿರಾರು ಪಾಲಿಸಿಗಳಲ್ಲಿ "ಫುಲ್" ಎಂಬ ಶಬ್ದವನ್ನು ಎಲ್ಲಿಯೂ ಕಂಡಿಲ್ಲ. ಅದು ಏಜೆಂಟರ ಬಾಯಲ್ಲಿ ಹುಟ್ಟಿ ನಮ್ಮ ಕಿವಿಯಲ್ಲಿ ಬೆಳೆದ ಶಬ್ದ.

ಪಾಲಿಸಿಯನ್ನು ಕೈಗೆತ್ತಿಕೊಂಡಾಗ ಅದರೊಳಗೆ ಏನೆಲ್ಲ ಇದೆ ಎಂದು ಹುಡುಕುವುದು ವಾಡಿಕೆ. ನಾನು ಇವತ್ತು ನಿಮ್ಮನ್ನು ಕೇಳಿಕೊಳ್ಳುವುದು ಬೇರೆ: ಅದರ ಹೊರಗೆ ಯಾರು ಉಳಿದಿದ್ದಾರೆ ಎಂದು ಹುಡುಕಿರಿ. ಹಾಗೆ ಹೊರಗೆ ಉಳಿದವರು ಬಹುಪಾಲು ನಮ್ಮ ಮನೆಯವರೇ ಆಗಿರುತ್ತಾರೆ. ರಸ್ತೆಯ ಮೇಲೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬ ವಿಚಾರವನ್ನೂ ನಾನು ಇದೇ ಹುಡುಕಾಟದ ಮುಂದುವರಿಕೆಯಾಗಿ ಹೇಳಲಿದ್ದೇನೆ.

ಮೊದಲು ಕಾನೂನಿನ ತಳಪಾಯ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಯಾವ ವಾಹನವನ್ನೂ ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ. ಒಪ್ಪಂದದಲ್ಲಿ ನೀವು ಮೊದಲನೆಯವರು, ವಿಮಾ ಕಂಪನಿ ಎರಡನೆಯದು, ನಿಮ್ಮ ವಾಹನದಿಂದ ಪೆಟ್ಟು ತಿಂದ ಹೊರಗಿನವರು ಮೂರನೆಯವರು. ಆ ಮೂರನೆಯವರಿಗೆ ಸಾವು ನೋವು ಸಂಭವಿಸಿದರೆ ನ್ಯಾಯಮಂಡಳಿ ಎಷ್ಟು ಪರಿಹಾರ ಹೇಳುತ್ತದೆಯೋ ಅಷ್ಟನ್ನೂ ಕಂಪನಿ ಭರಿಸುತ್ತದೆ, ಅದಕ್ಕೆ ಮೇಲ್ಮಿತಿ ಇಲ್ಲ. ಅವರ ಆಸ್ತಿಗಾದ ಹಾನಿಗೆ ಮಾತ್ರ ಖಾಸಗಿ ಕಾರುಗಳ ಪಾಲಿಸಿಯಲ್ಲಿ ಏಳೂವರೆ ಲಕ್ಷದ ಮಿತಿ ಇದೆ. ಈ ಭಾಗದ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬದಲಾಗುವುದಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 75ರಿಂದ 150 ಸಿಸಿ ನಡುವಿನ ದ್ವಿಚಕ್ರ ವಾಹನಕ್ಕೆ 714 ರೂಪಾಯಿ ಎಂದಿತ್ತು. ದಾರಿಹೋಕನೊಬ್ಬನ ಜೀವಕ್ಕೆ ಮಿತಿಯಿಲ್ಲದ ಭದ್ರತೆಯನ್ನು ಇಷ್ಟು ಕಡಿಮೆ ಹಣಕ್ಕೆ ಕೊಡುವ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಅದನ್ನು ಕೇವಲ ಪೊಲೀಸರಿಗೆ ತೋರಿಸುವ ಚೀಟಿ ಎಂದು ಭಾವಿಸುವವರೇ ಹೆಚ್ಚು ಎಂಬುದು ಬೇಸರದ ಸಂಗತಿ.

ಈಗ ಹೊರಗೆ ಉಳಿದವರ ವಿಚಾರ. ನಮ್ಮಲ್ಲಿ ಬಹಳ ಮನೆಗಳಲ್ಲಿ ಸ್ಕೂಟರ್ ಇದೆ. ಗಂಡ ಓಡಿಸುತ್ತಾನೆ, ಹೆಂಡತಿ ಹಿಂದೆ ಕೂರುತ್ತಾಳೆ, ಸ್ಟೇಷನ್ನಿನವರೆಗೆ ಹೋಗಿ ಇಬ್ಬರೂ ಬೇರೆ ಬೇರೆ ಲೋಕಲ್ ಹಿಡಿಯುತ್ತಾರೆ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನೂ, ಹೊಸ ಕಾರು ಕೊಳ್ಳುವಾಗ ಮೂರು ವರ್ಷದ್ದನ್ನೂ ಒಟ್ಟಿಗೆ ಕೊಳ್ಳಬೇಕು. ಆದರೆ ಅದರ ಜೊತೆ ಶೋರೂಮಿನಲ್ಲಿ ಕೊಡುವ, ಸ್ವಂತ ವಾಹನದ ಹಾನಿ ತುಂಬಿಕೊಡುವ ಓನ್ ಡ್ಯಾಮೇಜ್ ಭಾಗದ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಪಾಲಿಸಿಯ ಮೇಲೆ ದಪ್ಪ ಅಕ್ಷರದಲ್ಲಿ ಐದು ವರ್ಷದ ತಾರೀಕು ಕಾಣುವುದರಿಂದ ಎರಡನೆಯ ವರ್ಷ ಏನನ್ನೂ ನವೀಕರಿಸುವ ಅಗತ್ಯವಿಲ್ಲ ಎಂದು ಜನ ತಿಳಿಯುತ್ತಾರೆ. ಆಗ ಉಳಿಯುವುದು ಬರೀ ಕಾಯ್ದೆ ಬೇಡುವ ವಿಮೆ ಮಾತ್ರ. ಅಂಥ ವಿಮೆಯಲ್ಲಿ ಸ್ಕೂಟರಿನ ಹಿಂದೆ ಕೂತವರಾಗಲಿ, ಖಾಸಗಿ ಕಾರಿನೊಳಗೆ ಕೂತವರಾಗಲಿ ತಾವಾಗಿಯೇ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿದೆ. ಎರಡೂ ಭಾಗಗಳಿರುವ ಪ್ಯಾಕೇಜ್ ಪಾಲಿಸಿಯಾದರೆ ಅವರು ಸೇರುತ್ತಾರೆ.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ರಸ್ತೆ ದಾಟುತ್ತಿದ್ದ ಅಪರಿಚಿತನಿಗೆ ನಿಮ್ಮ ಸ್ಕೂಟರ್ ಬಡಿದರೆ ಅವನಿಗೆ ಕಂಪನಿಯ ರಕ್ಷೆ ಇದೆ. ಅದೇ ಅಪಘಾತದಲ್ಲಿ ನಿಮ್ಮ ಹಿಂದಿನಿಂದ ಬಿದ್ದ ನಿಮ್ಮ ಹೆಂಡತಿಗೆ, ತಪ್ಪು ನಿಮ್ಮದೇ ಆಗಿದ್ದ ಪಕ್ಷದಲ್ಲಿ, ಆ ಕಾಗದದಿಂದ ಒಂದು ರೂಪಾಯಿಯೂ ಬಾರದೆ ಹೋಗಬಹುದು. ಕಲ್ಯಾಣ ಕಡೆಯ ಒಂದು ಪ್ರಕರಣದಲ್ಲಿ ನಾನು ಇದನ್ನು ಒಬ್ಬ ಯುವಕನಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ವಿವರಿಸಬೇಕಾಯಿತು. ಅವನು ಮತ್ತೆ ಮತ್ತೆ ಐದು ವರ್ಷದ ತಾರೀಕನ್ನೇ ಬೆರಳಿಟ್ಟು ತೋರಿಸುತ್ತಿದ್ದ. ಆ ದಿನದಿಂದ ನಾನು ನನ್ನ ನೆಂಟರ ಪಾಲಿಸಿಗಳನ್ನು ಕೇಳಿ ಪಡೆದು ಓದುವ ಅಭ್ಯಾಸ ಮಾಡಿಕೊಂಡೆ. ಮದುವೆ ಮನೆಯಲ್ಲೂ ಪಾಲಿಸಿ ಕೇಳುವವನು ಎಂಬ ಹೆಸರು ನನಗಿದೆ, ಇರಲಿ.

ಹೊರಗೆ ಉಳಿದವರಲ್ಲಿ ಎರಡನೆಯ ಗುಂಪು ಓಡಿಸುವವರೇ. ಮಾಲೀಕನೇ ಚಾಲಕನಾಗಿದ್ದಾಗ ಅವನಿಗೆ ಇರುವ ವೈಯಕ್ತಿಕ ಅಪಘಾತ ವಿಮೆಯ ಮೊತ್ತವನ್ನು 2018ರ ಕೊನೆಯ ಹೊತ್ತಿಗೆ 15 ಲಕ್ಷಕ್ಕೆ ಏರಿಸಲಾಯಿತು. ಅದಕ್ಕೆ ಮೊದಲು ದ್ವಿಚಕ್ರಕ್ಕೆ ಒಂದು ಲಕ್ಷ, ಕಾರಿಗೆ ಎರಡು ಲಕ್ಷ ಇತ್ತು. ಆದರೆ ಈ ರಕ್ಷೆ ಆರ್‌ಸಿಯಲ್ಲಿ ಅಂದರೆ ನೋಂದಣಿ ಪತ್ರದಲ್ಲಿ ಹೆಸರಿರುವ ಮಾಲೀಕನಿಗೆ, ಅದೂ ಅವನ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ. ತಾಯಿಯ ಹೆಸರಿನ ಸ್ಕೂಟರನ್ನು ಮಗ ಓಡಿಸುತ್ತಿದ್ದರೆ ಮಗನಿಗೆ ಅದು ದಕ್ಕುವುದಿಲ್ಲ. ಇಲ್ಲಿರುವ ಹೋಟೆಲ್ ಉದ್ಯಮಿಗಳು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು: ತೆರಿಗೆಯ ಅನುಕೂಲಕ್ಕಾಗಿ ಕಾರನ್ನು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದು ನಮ್ಮಲ್ಲಿ ಸಾಮಾನ್ಯ, ಆದರೆ ಮಾಲೀಕ ಒಬ್ಬ ವ್ಯಕ್ತಿಯಾಗಿರದೆ ಸಂಸ್ಥೆಯಾಗಿದ್ದರೆ ಮಾಲೀಕ ಚಾಲಕನ ಈ ರಕ್ಷೆ ಆ ಪಾಲಿಸಿಯಲ್ಲಿ ಇರುವುದೇ ಇಲ್ಲ. ಅಂಥವರು ಅಪಘಾತ ವಿಮೆಯನ್ನು ತಮ್ಮ ಸ್ವಂತ ಹೆಸರಿನಲ್ಲಿ ಬೇರೆಯಾಗಿಯೇ ಮಾಡಿಸಿಕೊಳ್ಳಬೇಕು.

ಓಡಿಸುವವನ ತಪ್ಪಿನಿಂದ ಅವನೇ ಸತ್ತರೆ ಏನು? 2014ರಲ್ಲಿ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಕಾರೊಂದು ಅತಿವೇಗದಿಂದ ಮಗುಚಿ ಚಾಲಕ ತೀರಿಕೊಂಡ. ಕುಟುಂಬದವರು ಪರಿಹಾರ ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತನ್ನದೇ ಅಜಾಗರೂಕ ಚಾಲನೆಯಿಂದ ಸತ್ತವನ ವಾರಸುದಾರರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಹೈಕೋರ್ಟಿನ ನಿಲುವನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬದಲಿಸಲಿಲ್ಲ. ಈ ಸುದ್ದಿ ಬಂದಾಗ ಅನೇಕರು ಇದೇನೋ ಹೊಸ ಕಾನೂನು ಎಂದು ಗಾಬರಿಯಾದರು. ಹೊಸದೇನೂ ಅಲ್ಲ. ತಪ್ಪು ಮಾಡಿದವನು ಮೂರನೆಯವನಾಗಲಾರ ಎಂಬ ಹಳೆಯ ತತ್ವವೇ ಅದು.

ಹೊರಗೆ ಉಳಿದವರಲ್ಲಿ ಮೂರನೆಯ ಗುಂಪು ನಮ್ಮ ಹೋಟೆಲಿನ ಹುಡುಗರು. ಹತ್ತಿರದ ಆಫೀಸುಗಳಿಗೆ ಇಡ್ಲಿ, ಚಹಾ ಮುಟ್ಟಿಸಲು ಮಾಲೀಕರ ಸ್ಕೂಟರನ್ನು ಕೊಟ್ಟು ಕಳುಹಿಸುತ್ತೇವೆ. ಖಾಸಗಿ ದ್ವಿಚಕ್ರದ ಪಾಲಿಸಿಯಲ್ಲಿ ಬಳಕೆಯ ಮಿತಿಗಳು ಎಂಬ ಸಾಲೊಂದು ಇರುತ್ತದೆ. ಬಾಡಿಗೆಗೆ ಓಡಿಸುವುದು, ಸ್ವಂತ ಲಗೇಜು ಅಥವಾ ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸುವುದು ಆ ಮಿತಿಯ ಆಚೆಗಿನ ಕೆಲಸಗಳು. ಹುಡುಗನ ಬಳಿ ಲೈಸೆನ್ಸ್ ಕೂಡ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಆಗ ಪೆಟ್ಟುತಿಂದ ದಾರಿಹೋಕನಿಗೆ ಕಂಪನಿ ಮೊದಲು ಹಣ ಕೊಟ್ಟು, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುತ್ತವೆ. ಈ ಕ್ರಮ 2004ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಗಟ್ಟಿಯಾಗಿದೆ. ಹುಡುಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ, 2019ರ ತಿದ್ದುಪಡಿಯ ನಂತರ, ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆಮನೆ, ವಾಹನದ ನೋಂದಣಿ ಒಂದು ವರ್ಷ ರದ್ದು. ಊರಿಂದ ಬಂದ ಹುಡುಗ, ಚುರುಕಾಗಿದ್ದಾನೆ, ಗಾಡಿ ಚೆನ್ನಾಗಿ ಓಡಿಸುತ್ತಾನೆ ಎಂಬ ಮಾತು ನ್ಯಾಯಮಂಡಳಿಯ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಅವನಿಗೆ ಲೈಸೆನ್ಸ್ ಮಾಡಿಸಿಕೊಡಿ, ವಾಹನವನ್ನು ಅದರ ಕೆಲಸಕ್ಕೆ ತಕ್ಕಂತೆ ನೋಂದಾಯಿಸಿ, ಸಂಬಳದ ಚಾಲಕನಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ. ಒಂದು ದಿನದ ಗಲ್ಲಾಪೆಟ್ಟಿಗೆಯ ಹಣ ಸಾಕು ಇದಕ್ಕೆ.

ಇಷ್ಟು ಕಾಗದದ ಮಾತು. ಇನ್ನು ರಸ್ತೆಗೆ ಬರುತ್ತೇನೆ, ಆದರೆ ಹಿಂದಿನ ಸೀಟಿನವರನ್ನು ಬಿಟ್ಟಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹೆಲ್ಮೆಟ್ ಧರಿಸದೆ ಸತ್ತವರು 50,029, ಅವರಲ್ಲಿ 14,337 ಜನ ಹಿಂದೆ ಕೂತವರು. ಸೀಟ್ ಬೆಲ್ಟ್ ಕಟ್ಟದೆ ಸತ್ತವರು 16,715, ಅವರಲ್ಲಿ 8,331 ಜನ ಚಾಲಕರಲ್ಲ, ಜೊತೆಗೆ ಪ್ರಯಾಣಿಸುತ್ತಿದ್ದವರು. ಅಂದರೆ ಸುಮಾರು ಅರ್ಧ. ಮುಂಬೈಯಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವೆಂದು 2022ರಲ್ಲಿ ಸಂಚಾರ ಪೊಲೀಸರು ಹೇಳಿದಾಗ ಎಷ್ಟು ಗೊಣಗಾಟ ಕೇಳಿಬಂತು ಎಂಬುದು ನಿಮಗೆ ನೆನಪಿರಬಹುದು. ಮಲ್ಲಿಗೆ ಮುಡಿದ ತಲೆಗೆ ಹೆಲ್ಮೆಟ್ ಹೇಗೆ ಎಂದು ನಮ್ಮ ಸಂಬಂಧಿಕರೊಬ್ಬರು ಕೇಳಿದ್ದರು. ಹೂವನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಸಭಾಂಗಣದ ಬಾಗಿಲಲ್ಲಿ ಮುಡಿಯಿರಿ ಎಂದೆ. ಅವರು ಈಗ ಹಾಗೆಯೇ ಮಾಡುತ್ತಾರೆ.

2022ರ ಸೆಪ್ಟೆಂಬರ್ 4ರಂದು ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು ಅಹಮದಾಬಾದ್ ಕಡೆಯಿಂದ ಮುಂಬೈಗೆ ಬರುತ್ತಿದ್ದ ಕಾರು ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಯ ತಡೆಗೋಡೆಗೆ ಬಡಿಯಿತು. ಮುಂದೆ ಕೂತಿದ್ದ ಇಬ್ಬರು ತೀವ್ರ ಗಾಯಗಳೊಂದಿಗೆ ಉಳಿದರು. ಹಿಂದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟ್ ಕಟ್ಟಿರಲಿಲ್ಲ ಎಂದು ಪೊಲೀಸರು ಹೇಳಿದರು. ದುಬಾರಿ ಕಾರು, ಒಳ್ಳೆಯ ಏರ್‌ಬ್ಯಾಗುಗಳು, ಹಗಲು ಹೊತ್ತು, ಇಷ್ಟೆಲ್ಲ ಇದ್ದೂ ಹೀಗಾಯಿತು. ಅದೇ ವರ್ಷ ನವೆಂಬರ್ 1ರಿಂದ ಮುಂಬೈ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟ್ ಕಡ್ಡಾಯ ಮಾಡಿದರು. ಆದರೆ ನಿಯಮ ಅದಕ್ಕಿಂತ ಹಳೆಯದು, ಪಾಲನೆ ಮಾತ್ರ ಹೊಸದು. ಬೆಲ್ಟ್ ಇಲ್ಲದ ಹಿಂದಿನ ಪ್ರಯಾಣಿಕ ಡಿಕ್ಕಿಯ ಕ್ಷಣದಲ್ಲಿ ಕಾರಿನ ವೇಗದಲ್ಲೇ ಮುಂದಕ್ಕೆ ಹಾರಿ ಮುಂದಿನ ಸೀಟಿಗೆ ಬಡಿಯುತ್ತಾನೆ. ಬೆಲ್ಟ್ ಕಟ್ಟಿ ಕೂತ ಚಾಲಕನನ್ನೂ ಆ ಹೊಡೆತ ಹಿಂದಿನಿಂದ ಕೊಲ್ಲಬಲ್ಲದು. ಗ್ಯಾರೇಜಿನಲ್ಲಿ ನಿಂತ ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿನ ಬೆಲ್ಟ್ ಬಕಲುಗಳು ಸೀಟ್ ಕವರಿನ ಕೆಳಗೆ ಹೂತುಹೋಗಿರುವುದನ್ನು ನಾನು ಕಂಡಿದ್ದೇನೆ. ಇವತ್ತು ಮನೆಗೆ ಹೋಗುವ ಮೊದಲು ಕೆಳಗೆ ನಿಲ್ಲಿಸಿರುವ ನಿಮ್ಮ ಕಾರಿನಲ್ಲಿ ಅವು ಕೈಗೆ ಸಿಗುತ್ತವೆಯೇ ನೋಡಿ.

ನಮ್ಮ ಜನರ ದೊಡ್ಡ ಪ್ರಯಾಣವೆಂದರೆ ಊರಿಗೆ ಹೋಗುವುದು. ಘಟ್ಟದ ಕೆಳಗಿನವರು ಪನ್ವೇಲ್, ಮಹಾಡ್, ಚಿಪಳೂಣ್ ದಾರಿಯಾಗಿ, ಮೇಲಿನವರು ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ಮೂಲಕ. ಇದರಲ್ಲಿ ಒಂದು ಕ್ರಮವನ್ನು ನಾನು ಮೊದಲಿನಿಂದಲೂ ವಿರೋಧಿಸುತ್ತ ಬಂದಿದ್ದೇನೆ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಶಟರ್ ಎಳೆದು, ಲೆಕ್ಕ ಮುಗಿಸಿ, ಸ್ನಾನ ಮಾಡಿ, ಹನ್ನೆರಡಕ್ಕೆ ಹೊರಟರೆ ಟ್ರಾಫಿಕ್ ಇರುವುದಿಲ್ಲ, ಮಧ್ಯಾಹ್ನದ ಊಟ ಊರಲ್ಲಿ ಎಂಬ ಲೆಕ್ಕಾಚಾರ ಅದು. ಟ್ರಾಫಿಕ್ ಇರುವುದಿಲ್ಲ ನಿಜ. ಆದರೆ ಬೆಳಗಿನ ಆರರಿಂದ ನಿಂತೇ ದುಡಿದ ಮನುಷ್ಯ ನಸುಕಿನ ಮೂರು ಗಂಟೆಗೆ ಸ್ಟಿಯರಿಂಗ್ ಹಿಡಿದಾಗ ಅವನ ದೇಹ ನಿದ್ದೆಯ ಆಳದಲ್ಲಿರಬೇಕಾದ ಹೊತ್ತದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಹತ್ತಿರ ಹತ್ತಿರ 90 ಮೀಟರ್ ದೂರ ಆ ಕಾರಿಗೆ ಚಾಲಕನೇ ಇಲ್ಲ. ಚಹಾ, ಹಾಡು, ಕಿಟಕಿಯ ಗಾಳಿ ಇವುಗಳಿಂದ ನಿದ್ದೆ ಸ್ವಲ್ಪ ಮುಂದಕ್ಕೆ ಹೋಗುತ್ತದೆ ಅಷ್ಟೆ. ನಾನು ನೋಡಿದ ವಾಹನಗಳಲ್ಲಿ ಬ್ರೇಕಿನ ಗುರುತೇ ಇಲ್ಲದೆ ನಿಂತ ಲಾರಿಯ ಹಿಂಭಾಗಕ್ಕೆ ನುಗ್ಗಿದವು ಬಹುಮಟ್ಟಿಗೆ ನಸುಕಿನವು. ಆರು ಗಂಟೆ ಮಲಗಿ ಬೆಳಗಿನ ಐದಕ್ಕೆ ಹೊರಡಿ. ಊಟದ ಬದಲು ಸಂಜೆಯ ಕಾಫಿಗೆ ಊರು ಸೇರಿದರೆ ಯಾರೂ ಬೈಯುವುದಿಲ್ಲ.

ಘಾಟಿಗಳ ಬಗ್ಗೆ ಹೇಳಲೇಬೇಕು. ಪುಣೆಯ ನವಲೆ ಸೇತುವೆಯ ಬಳಿ ಮತ್ತೆ ಮತ್ತೆ ಆಗುವ ಅಪಘಾತಗಳ ಸುದ್ದಿಯನ್ನು ನೀವು ಓದಿರುತ್ತೀರಿ. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಸರಣಿ ಅಪಘಾತದಲ್ಲಿ ನಲವತ್ತಕ್ಕೂ ಹೆಚ್ಚು ವಾಹನಗಳು ಜಖಂಗೊಂಡವು. ಸಾತಾರಾ ಕಡೆಯಿಂದ ಬರುವಾಗ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ಸೇತುವೆಯವರೆಗೂ ಉದ್ದಕ್ಕೆ ಇಳಿಜಾರು. ಡೀಸೆಲ್ ಉಳಿಸುವ ಆಸೆಗೆ ಕೆಲವು ಲಾರಿ ಚಾಲಕರು ಅಲ್ಲಿ ನ್ಯೂಟ್ರಲ್‌ಗೆ ಹಾಕುತ್ತಾರೆ, ಎಂಜಿನ್ ಬಂದ್ ಮಾಡುವವರೂ ಇದ್ದಾರೆ. ಗೇರಿನಲ್ಲಿದ್ದಾಗ ಎಂಜಿನ್ ತಾನೇ ಚಕ್ರಗಳನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲ್‌ನಲ್ಲಿ ಆ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಎಂಜಿನ್ ನಿಂತಿದ್ದರೆ ಬ್ರೇಕಿಗೆ ಸಿಗುವ ಸಹಾಯವೂ ಕೆಲವೇ ಒತ್ತುಗಳಲ್ಲಿ ಮುಗಿಯುತ್ತದೆ. ಕಾರಿನವರೂ ಇದೇ ತಪ್ಪು ಮಾಡುತ್ತಾರೆ. ಖಂಡಾಳಾ ಇರಲಿ, ಖಂಬಾಟ್ಕಿ ಇರಲಿ, ಕಶೇಡಿ ಇರಲಿ, ಏರಲು ಯಾವ ಗೇರು ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಚಾಲಕರ ಪಾಠವನ್ನು ಮರೆಯಬೇಡಿ. ಇಳಿಜಾರಿನಲ್ಲಿ ಲಾರಿಯ ಮುಂದೆ ಸುಮ್ಮನೆ ತೂರಿಕೊಳ್ಳಬೇಡಿ, ಅದರ ಬ್ರೇಕಿನ ಸ್ಥಿತಿ ಅದರ ಚಾಲಕನಿಗೂ ಗೊತ್ತಿರಲಾರದು.

ವೇಗದ ವಿಷಯದಲ್ಲಿ ಒಂದೇ ಲೆಕ್ಕ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ, ಬ್ರೇಕು ಒತ್ತಿದ ಮೇಲೆ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 20 ಮೀಟರ್ ಬೇಕು, 80ಕ್ಕೆ 35 ಮೀಟರ್, 100ಕ್ಕೆ 55 ಮೀಟರ್. ಪಾದ ಬ್ರೇಕಿಗೆ ಹೋಗುವ ಹೊತ್ತಿನ ದೂರ ಇದರಲ್ಲಿ ಸೇರಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಮುಂದಿನ ಕಾರಿನ ನಂಬರ್ ಪ್ಲೇಟು ಓದುವಷ್ಟು ಹತ್ತಿರದಲ್ಲಿ ಹೋಗುವವರು ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ಮುಂಬೈಯ ಮಳೆ ಬೇರೆಯೇ ಅಧ್ಯಾಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅಂದು ಕಾರಿನೊಳಗೇ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತವರಿದ್ದರು. ನೀರು ಬಾಗಿಲಿನ ಅರ್ಧಕ್ಕೆ ಬಂದರೆ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದು ಕಷ್ಟ, ವಿದ್ಯುತ್ತಿನ ಕಿಟಕಿಗಳು ಯಾವ ಗಳಿಗೆಯಲ್ಲಾದರೂ ಕೆಡಬಹುದು. ಆದ್ದರಿಂದ ನೀರಿನಲ್ಲಿ ಕಾರು ನಿಂತ ಕೂಡಲೇ ಮೊದಲು ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಹೊರಗೆ ಕಳುಹಿಸಿ. ಕಾರಿನ ಚಿಂತೆ ಆಮೇಲೆ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಗಟ್ಟಿಯಾದ ಚೂಪು ವಸ್ತುವಿನಿಂದ ಹೊಡೆಯಬೇಕು. ಮುಂದಿನ ಗಾಜು ಪದರಗಳಿಂದ ಕೂಡಿದ್ದು, ಅದನ್ನು ಒಡೆಯಲು ಹೋಗಿ ಶಕ್ತಿ ಕಳೆದುಕೊಳ್ಳಬೇಡಿ. ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ, ಹಿಂದ್‌ಮಾತಾ, ಮಾಟುಂಗಾದ ಗಾಂಧಿ ಮಾರ್ಕೆಟ್ ಇವುಗಳ ಹೆಸರನ್ನು ಮಳೆಗಾಲದ ಸುದ್ದಿಯಲ್ಲಿ ಪ್ರತಿ ವರ್ಷ ಕೇಳುವ ನಾವು ಪ್ರತಿ ವರ್ಷವೂ ಅಲ್ಲಿಗೇ ಕಾರು ಇಳಿಸುತ್ತೇವೆ.

ಇನ್ನು ಆ ಕಾರಿನ ವಿಮೆ. ಪ್ರವಾಹದಿಂದಾದ ಹಾನಿ ಪ್ಯಾಕೇಜ್ ಪಾಲಿಸಿಯಲ್ಲಿ ಸೇರಿದೆ. ನೀರು ಹೊಕ್ಕ ಸೀಟು, ಕಾರ್ಪೆಟ್, ವೈರಿಂಗ್, ಶುಚಿ ಮಾಡುವ ಕೆಲಸ ಇವಕ್ಕೆ ಹಣ ಸಿಗುತ್ತದೆ. ತಕರಾರು ಬರುವುದು ಎಂಜಿನ್ನಿನ ಮೇಲೆ. ಗಾಳಿಯ ಕೊಳವೆಯಿಂದ ನೀರು ಸಿಲಿಂಡರಿನೊಳಗೆ ಸೇರಿರುವಾಗ ಕೀಲಿ ತಿರುಗಿಸಿದರೆ ಪಿಸ್ಟನ್ ಆ ನೀರನ್ನು ಒತ್ತಲು ನೋಡುತ್ತದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಹಾಗಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ಹಾನಿ ಪ್ರವಾಹದಿಂದ ಆದದ್ದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಕಂಪನಿ ವಾದಿಸುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ರಕ್ಷೆ ಕೊಂಡಿಲ್ಲದಿದ್ದರೆ ಆ ವಾದ ಗೆಲ್ಲುವುದೇ ಹೆಚ್ಚು. ನಾನೇ ಅಂಥ ವರದಿಗಳನ್ನು ಬರೆದವನು. ಲಕ್ಷಗಟ್ಟಲೆಯ ಎಂಜಿನ್ ಹೋದದ್ದು ಮಳೆ ನಿಂತ ಮರುದಿನ ಬೆಳಗ್ಗೆ "ಸುಮ್ಮನೆ ಒಂದು ಸಲ ನೋಡೋಣ" ಎಂದು ಕೀಲಿ ತಿರುಗಿಸಿದ್ದರಿಂದ. ನೀರಿನಲ್ಲಿ ನಿಂತ ವಾಹನವನ್ನು ಸ್ಟಾರ್ಟ್ ಮಾಡಬೇಡಿ. ನೀರಿನ ಗೆರೆ ಬಾಗಿಲಿನ ಮೇಲೆ ಕಾಣುವಂತೆ ಫೋಟೋ ತೆಗೆಯಿರಿ, ಕಂಪನಿಗೆ ತಿಳಿಸಿ, ಟೋ ಮಾಡಿಸಿಕೊಂಡು ಹೋಗಿ. ಈ ನಗರದಲ್ಲಿ ನೆಲಮಹಡಿಯಲ್ಲಿ ಕಾರು ನಿಲ್ಲಿಸುವವರಿಗೆ ಆ ಹೆಚ್ಚುವರಿ ರಕ್ಷೆ ದುಂದುವೆಚ್ಚವೆಂದು ನಾನು ಎಣಿಸುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಸಣ್ಣ ಪುಟ್ಟ ಗೀರಿಗೆಲ್ಲ ಕ್ಲೇಮ್ ಮಾಡುವುದು ದುಂದುವೆಚ್ಚವೇ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಮುಂದೆ 25, 35, 45, ಐದು ವರ್ಷಕ್ಕೆ 50. ಇದೇ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ. ನಿಮ್ಮ ಮೂಲ ಪ್ರೀಮಿಯಂ 12,000 ರೂಪಾಯಿ, ರಿಯಾಯಿತಿ ಶೇ. 50 ಎಂದಿಟ್ಟುಕೊಳ್ಳಿ. 6,000 ರೂಪಾಯಿಯ ಬಂಪರ್ ಒಡೆಯಿತು. ಪ್ಲಾಸ್ಟಿಕ್ಕಿಗೆ ಸವಕಳಿ (ಬಳಸಿ ಹಳತಾದದ್ದಕ್ಕೆ ಕಂಪನಿ ಕಳೆಯುವ ಮೊತ್ತ) ಅರ್ಧ, ಸಣ್ಣ ಕಾರಿಗೆ ಮಾಲೀಕನೇ ಭರಿಸಬೇಕಾದ ಕಡ್ಡಾಯ ಕಡಿತ 1,000, ಕೈಗೆ ಸಿಗುವುದು 2,000. ರಿಯಾಯಿತಿ ಸೊನ್ನೆಗಿಳಿದು ಮತ್ತೆ ಶೇ. 50 ತಲುಪುವವರೆಗೆ, ಮೂಲ ಪ್ರೀಮಿಯಂ ಬದಲಾಗುವುದಿಲ್ಲ ಎಂದು ಹಿಡಿದರೂ, ಐದು ವರ್ಷಗಳಲ್ಲಿ ನೀವು ಹೆಚ್ಚಾಗಿ ಕಟ್ಟುವ ಹಣ 15,000. ಸವಕಳಿಯಿಲ್ಲದ ಝೀರೋ ಡೆಪ್ ಇದ್ದರೂ ಈ ಲೆಕ್ಕ ನಿಮ್ಮ ಪರವಾಗಿ ತಿರುಗುವುದಿಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಈ ರಿಯಾಯಿತಿ ತಾನಾಗಿಯೇ ಅಳಿಯುತ್ತದೆ ಎಂಬುದೂ ನೆನಪಿರಲಿ. ಕಂಪನಿ ಬದಲಿಸುವಾಗ ಹಿಂದಿನ ಕ್ಲೇಮನ್ನು ಮುಚ್ಚಿಟ್ಟು ರಿಯಾಯಿತಿ ಪಡೆಯುವವರ ಗುಟ್ಟು ದೊಡ್ಡ ಅಪಘಾತದ ದಿನವೇ ಹೊರಬೀಳುತ್ತದೆ.

ಅಪಘಾತವಾದ ಕ್ಷಣದಲ್ಲಿ ಏನು ಮಾಡಬೇಕು? ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಮಹಾರಾಷ್ಟ್ರದಲ್ಲಿ ಆಂಬ್ಯುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಪೊಲೀಸರಿಗೆ 112. ದಾರಿಹೋಕರಾಗಿ ಸಹಾಯಕ್ಕೆ ನಿಂತರೆ ಪೊಲೀಸ್ ತಾಪತ್ರಯ ಎಂಬ ಭಯ ಈಗ ಬೇಕಿಲ್ಲ. ಕಾಯ್ದೆಯ 134ಎ ಕಲಮು ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ಹೇಳಲೂ ಅವರನ್ನು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದಿರುವ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ಪರಿಹಾರವಿದೆ. ಎಷ್ಟೋ ಬಡ ಕುಟುಂಬಗಳು ಇದನ್ನು ಕೇಳುವುದೇ ಇಲ್ಲ. ನಿಮ್ಮ ಕಟ್ಟಡದ ವಾಚ್‌ಮನ್‌ಗೆ, ಕೆಲಸದವರಿಗೆ ಇದನ್ನು ತಿಳಿಸಿ. ರಸ್ತೆಯಲ್ಲೇ "ತಪ್ಪು ನನ್ನದೇ, ಎಲ್ಲ ಖರ್ಚು ಕೊಡುತ್ತೇನೆ" ಎಂದು ಬರೆದುಕೊಡುವ ಕೆಲಸ ಮಾತ್ರ ಬೇಡ. ಕಂಪನಿಯ ಒಪ್ಪಿಗೆಯಿಲ್ಲದೆ ಹಾಗೆ ಮಾತು ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ.

ಇನ್ನು ಸಭಿಕರ ಪ್ರಶ್ನೆಗಳು. ಕಂಪನಿ ಕ್ಲೇಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ವಕೀಲರನ್ನೇ ಹಿಡಿಯಬೇಕೆ ಎಂದು ಒಬ್ಬರು ಕೇಳಿದರು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅಂದರೆ ಬಿಮಾ ಲೋಕಪಾಲರಿಗೆ ದೂರು ಕೊಡಬಹುದು. ಮುಂಬೈಯಲ್ಲೇ ಅವರ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಿರಸ್ಕಾರದ ಕಾರಣವನ್ನು ಬರಹದಲ್ಲೇ ಪಡೆದುಕೊಳ್ಳಿ, ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರ ಪ್ರಶ್ನೆ ಹೀಗಿತ್ತು: "ಮೂರು ವರ್ಷದ ಹಿಂದೆ ನನ್ನ ಸ್ಕೂಟರನ್ನು ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗನಿಗೇ ಮಾರಿದೆ. ಅವನು ಊರಿಗೆ ಹೋಗಿಬಿಟ್ಟ. ಹೆಸರು ಬದಲಾಯಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ನನಗೇನಾದರೂ ತೊಂದರೆ ಉಂಟೋ?" ಉಂಟು. ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಮಾರಿದ್ದೇನೆ ಎಂಬ ಚೀಟಿ ಅವನನ್ನು ಹೊಣೆಯಿಂದ ಬಿಡಿಸುವುದಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ಹುಡುಗ ವಿಮೆ ನವೀಕರಿಸದೆ ಊರಿನ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಪರಿಹಾರದ ನೋಟಿಸು ಮುಲುಂಡಿಗೆ ಬರುತ್ತದೆ. ಅವರಿಗೆ ನಾನು ಹೇಳಿದ್ದು ಇಷ್ಟು: ಇವತ್ತೇ ಸಾರಿಗೆ ಸಚಿವಾಲಯದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರು ಹಾಕಿ ಮಾಲೀಕರ ಹೆಸರಿನ ಜಾಗದಲ್ಲಿ ಏನಿದೆ, ವಿಮೆಯ ತಾರೀಕು ಎಲ್ಲಿಯವರೆಗಿದೆ ಎಂದು ನೋಡಿ. ನಿಮ್ಮ ಹೆಸರೇ ಇದ್ದರೆ ಹುಡುಗನಿಗೆ ಫೋನು ಮಾಡಿ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರ ಸಹಿಯೂ ಆಗುವಂತೆ ಮಾಡಿ. ಗಾಡಿ ಕರ್ನಾಟಕದಲ್ಲಿರುವುದರಿಂದ ಇಲ್ಲಿನ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರವನ್ನೂ ತೆಗೆಸಬೇಕಾಗುತ್ತದೆ. ಅದು ಮುಗಿಯುವವರೆಗೆ ಥರ್ಡ್ ಪಾರ್ಟಿ ವಿಮೆಯ ಅವಧಿ ತೀರಿಹೋಗದಂತೆ ನೀವೇ ಹಣ ಕಟ್ಟಿ ನವೀಕರಿಸಿ, ಆ ಹಣವನ್ನು ಹುಡುಗನಿಂದ ಆಮೇಲೆ ಕೇಳಿಕೊಳ್ಳಿ.